ವರ್ಕ್‌ಶಾಪಿನಲ್ಲಿ ಗೆದ್ದ ಕಾರು

1949ರಲ್ಲಿ ಬೆನ್ ಪಾನ್ ಎಂಬ ಡಚ್ ವ್ಯಾಪಾರಿ ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನು ಹಡಗಿನಲ್ಲಿ ಅಮೆರಿಕಕ್ಕೆ ಒಯ್ದ. ಆ ವರ್ಷ ಅಲ್ಲಿ ಮಾರಾಟವಾದದ್ದು ಎರಡೇ ಎರಡು. ಯುದ್ಧ ಮುಗಿದು ನಾಲ್ಕು ವರ್ಷವಷ್ಟೇ ಆಗಿತ್ತು. ಹಿಟ್ಲರನ ಯೋಜನೆಯಲ್ಲಿ ಹುಟ್ಟಿದ ಕಾರನ್ನು ಅಮೆರಿಕನ್ನರು ಮನೆಮುಂದೆ ನಿಲ್ಲಿಸಿಕೊಳ್ಳುವುದಾದರೂ ಹೇಗೆ? ಅದೇ ಬೀಟಲ್ 1968ರ ಒಂದೇ ವರ್ಷದಲ್ಲಿ ಅಲ್ಲಿ ಸುಮಾರು 4 ಲಕ್ಷ ಮಾರಾಟವಾಯಿತು.

ಇದರ ಶ್ರೇಯಸ್ಸನ್ನು ಸಾಮಾನ್ಯವಾಗಿ ಜಾಹೀರಾತಿಗೆ ಕೊಡುತ್ತಾರೆ. 1959ರಲ್ಲಿ ನ್ಯೂಯಾರ್ಕಿನ ಡಾಯ್ಲ್ ಡೇನ್ ಬರ್ನ್‌ಬ್ಯಾಕ್ ಸಂಸ್ಥೆ 'ಥಿಂಕ್ ಸ್ಮಾಲ್' ಜಾಹೀರಾತನ್ನು ರೂಪಿಸಿತು: ಬಹುಪಾಲು ಖಾಲಿ ಬಿಟ್ಟ ಪುಟ, ಅದರಲ್ಲೊಂದು ಪುಟಾಣಿ ಕಾರು. ಮರುವರ್ಷದ 'ಲೆಮನ್' ಇನ್ನೂ ದಿಟ್ಟದ್ದು. ಅಮೆರಿಕದ ಆಡುಮಾತಿನಲ್ಲಿ ಲೆಮನ್ ಎಂದರೆ ಕೈಕೊಡುವ ಕಾರು. ಡ್ಯಾಶ್‌ಬೋರ್ಡಿನ ಕ್ರೋಮ್ ಪಟ್ಟಿಯಲ್ಲಿ ಸಣ್ಣ ಕಲೆಯಿದ್ದುದಕ್ಕೇ ಕಾರ್ಖಾನೆಯ ಇನ್‌ಸ್ಪೆಕ್ಟರ್ ತಿರಸ್ಕರಿಸಿದ ಕಾರು ಇದು ಎಂಬ ವಿವರಣೆ ಕೆಳಗಿತ್ತು.

ಈ ಜಾಹೀರಾತುಗಳು ನನಗೂ ಇಷ್ಟ. ಆದರೆ ಬೀಟಲ್ ಗೆದ್ದದ್ದು ಇವುಗಳಿಂದಲೇ ಎಂದು ಒಪ್ಪಲು ರೆನೋ ಡಾಫಿನ್ ಬಿಡುವುದಿಲ್ಲ. ಅದೂ ಯುರೋಪಿನಿಂದ ಬಂದ ಪುಟ್ಟ ಕಾರು, ಅದಕ್ಕೂ ಎಂಜಿನ್ ಹಿಂದೆಯೇ, ನೋಡಲು ಬೀಟಲ್‌ಗಿಂತ ಚೆಂದ. ಫ್ರಾನ್ಸಿನ ಹೆಸರಿಗೆ ಯುದ್ಧದ ಕಳಂಕವೂ ಇರಲಿಲ್ಲ. 1950ರ ದಶಕದ ಕೊನೆಯಲ್ಲಿ ಅದು ಅಮೆರಿಕದಲ್ಲಿ ಚೆನ್ನಾಗಿಯೇ ಮಾರಾಟವಾಯಿತು. ಆಮೇಲೆ ತಗಡಿಗೆ ತುಕ್ಕು ಹಿಡಿಯಿತು. ಉದ್ದನೆಯ ಹೆದ್ದಾರಿಗಳಲ್ಲಿ ಎಂಜಿನ್ ಸೋತಿತು. ರಿಪೇರಿಗೆ ಹೋದವರಿಗೆ ಬಿಡಿಭಾಗಗಳಾಗಲಿ, ಆ ಕಾರನ್ನು ಬಲ್ಲ ಮೆಕ್ಯಾನಿಕ್‌ಗಳಾಗಲಿ ಸುಲಭವಾಗಿ ಸಿಗಲಿಲ್ಲ. 1960ರ ಹೊತ್ತಿಗೆ ಮಾರಾಟವಾಗದ ಡಾಫಿನ್‌ಗಳು ಬಂದರುಗಳಲ್ಲಿ ಸಾಲುಗಟ್ಟಿದವು.

ಫೋಕ್ಸ್‌ವ್ಯಾಗನ್ ಮುಖ್ಯಸ್ಥ ಹೈನ್ಸ್ ನೋರ್ಡ್‌ಹಾಫ್ ಹಿಡಿದ ದಾರಿ ಬೇರೆ. ಸರ್ವಿಸ್ ವ್ಯವಸ್ಥೆ ಮೊದಲು, ಮಾರಾಟ ಆಮೇಲೆ ಎಂಬುದು ಅವನ ಹಟ. ಡೀಲರ್ ಆಗಬೇಕೆಂದರೆ ವರ್ಕ್‌ಶಾಪ್ ಇರಬೇಕು, ತರಬೇತಾದ ಮೆಕ್ಯಾನಿಕ್ ಇರಬೇಕು, ಬಿಡಿಭಾಗಗಳ ದಾಸ್ತಾನಿರಬೇಕು. ಅಮೆರಿಕದಲ್ಲಿ ಈ ಜಾಲ ಹರಡತೊಡಗಿದ್ದು 'ಥಿಂಕ್ ಸ್ಮಾಲ್'ಗೂ ಮೊದಲು.

'ಲೆಮನ್' ಜಾಹೀರಾತನ್ನು ಓದುಗರು ನಂಬಿದ್ದು ಇದರಿಂದಲೇ ಎಂದು ನನಗನಿಸುತ್ತದೆ. ಪಕ್ಕದ ಮನೆಯವನ ಬೀಟಲ್ ಬಿಡಿಭಾಗಕ್ಕಾಗಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಬಿದ್ದಿದ್ದರೆ, ಅದೇ ಮಾತು ನಗೆಪಾಟಲಾಗುತ್ತಿತ್ತು. ಜಾಹೀರಾತು ಕಾಗದದಲ್ಲಿ ಉಳಿಯುತ್ತದೆ. ಹಾಗಾಗಿ ಇತಿಹಾಸವೂ ಅದರ ಕಡೆಗೇ ವಾಲುತ್ತದೆ. ಹೇಳಿದ ದಿನವೇ ಬದಲಾಯಿಸಿಕೊಟ್ಟ ಕ್ಲಚ್ ಕೇಬಲ್ಲಿನ ರಸೀದಿಯನ್ನು ಯಾರು ತಾನೇ ಎತ್ತಿಡುತ್ತಾರೆ?