ಅಲ್ಪವಿರಾಮಕ್ಕೆ ಮುಂಚಿನ ಎಣಿಕೆ

‘ರಾಮ ಕೃಷ್ಣ ಗೋಪಾಲ ಬಂದರು’ ಎಂದು ಬಾಲಕನೊಬ್ಬನು ಬರೆದರೆ, ಬಂದವರು ಇಬ್ಬರೋ ಮೂವರೋ ಹೇಳಲಾರೆವು. ಅಂಥ ಕಡೆ ನಾವು ಕೆಂಪು ಶಾಯಿಯಿಂದ ಚಿಹ್ನೆಯಿಟ್ಟು ಮುಂದೆ ಸಾಗುತ್ತೇವೆ. ಅದು ಅಲ್ಲಿಗೇಕೆ ಬಂದಿತೆಂದು ತಿಳಿಸುವವರು ಕಡಿಮೆ. ಮರುದಿನ ಬಾಲಕನು ಪ್ರತಿಯೊಂದು ಪದದ ಬಳಿಯೂ ಚಿಹ್ನೆಯನ್ನು ಚೆಲ್ಲಿದರೆ, ತಪ್ಪು ಅವನದೆನ್ನಲಾದೀತೇ?

ಕ್ರಿ. ಶ. 450ರ ಸುಮಾರಿನದೆಂದು ಎಣಿಸಲಾದ ಹಲ್ಮಿಡಿ ಶಾಸನದಲ್ಲಿ ಅಲ್ಪವಿರಾಮವಿಲ್ಲ. ಓಲೆಗರಿಗಳಲ್ಲಿ ಪದಗಳ ನಡುವೆ ತೆರಪನ್ನು ಬಿಡುವ ವಾಡಿಕೆಯೂ ಇರಲಿಲ್ಲ. ಆದರೂ ನಮ್ಮ ಹಿರಿಯರ ಎಣಿಕೆ ಕೆಡಲಿಲ್ಲ. ‘ರಾಮನುಂ ಲಕ್ಷ್ಮಣನುಂ’ ಎಂಬಲ್ಲಿಯ ‘ಉಂ’ ಪ್ರತ್ಯಯವೇ ಪದಗಳನ್ನು ಬಿಡಿಸಿಯೂ ಕೂಡಿಸಿಯೂ ತೋರಿಸುತ್ತಿತ್ತು. ಹೊಸಗನ್ನಡದಲ್ಲಿ ಅದು ‘ಊ’ ಆಯಿತು.

ಇಂದಿನ ಬಾಗಿದ ಅಲ್ಪವಿರಾಮವು 15ನೆಯ ಶತಮಾನದ ಕೊನೆಯಲ್ಲಿ ವೆನಿಸಿನ ಮುದ್ರಕ ಆಲ್ಡಸ್ ಮನೂಶಿಯಸನ ಅಚ್ಚುಮನೆಯಲ್ಲಿ ರೂಪುಗೊಂಡಿತು. 19ನೆಯ ಶತಮಾನದಲ್ಲಿ ಅಚ್ಚಿನ ಪುಸ್ತಕಗಳೊಡನೆ ಇಂಥ ಚಿಹ್ನೆಗಳು ಕನ್ನಡದಲ್ಲಿ ನೆಲೆಯೂರಿದವು. ಬಾಸೆಲ್ ಮಿಶನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಅಚ್ಚುಕೂಟವನ್ನು ತೆರೆದಾಗ, 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡು ಕೆನರಾ ಜಿಲ್ಲೆಯಲ್ಲಿಯೇ ಇತ್ತು.

ಹೀಗೆ ಎಣಿಕೆ ನಮ್ಮದು, ಚಿಹ್ನೆ ಮಾತ್ರ ಹೊರಗಿನದು. ಪಾಠವು ಈ ಕ್ರಮದಲ್ಲಿಯೇ ಸಾಗಬೇಕೆಂದು ನಮ್ಮ ಅಭಿಪ್ರಾಯ. ‘ಬುಟ್ಟಿಯಲ್ಲಿ ಅಕ್ಕಿಯೂ ಬೇಳೆಯೂ ಬೆಲ್ಲವೂ ಇವೆ’ ಎಂದು ಮಗು ಮೊದಲು ಬಾಯಲ್ಲಿ ಹೇಳಲಿ. ಬಳಿಕ ‘ಊ’ವನ್ನು ಕಳೆದು, ಕಳೆದೆಡೆಯಲ್ಲಿ ಚಿಹ್ನೆಯನ್ನಿಡಲಿ: ‘ಬುಟ್ಟಿಯಲ್ಲಿ ಅಕ್ಕಿ, ಬೇಳೆ, ಬೆಲ್ಲ ಇವೆ.’ ಕೊನೆಯದರ ಮುಂದೆ ಬೇರೆ ವಸ್ತುವಿಲ್ಲ. ಆದುದರಿಂದ ಅಲ್ಲಿ ಚಿಹ್ನೆಯೂ ಬೇಡ. ‘ಬೇಳೆ ಮತ್ತು ಬೆಲ್ಲ’ ಎಂದಾಗ ‘ಮತ್ತು’ ಎಂಬುದೇ ಆ ಕೆಲಸವನ್ನು ಮಾಡುತ್ತದೆ.

ಗಡಿನಾಡಿನ ಶಿಕ್ಷಕರಿಗೆ ಇಲ್ಲೊಂದು ಅನುಕೂಲವುಂಟು. ಕಾಸರಗೋಡಿನ ಮಗು ನೆರೆಮನೆಯಲ್ಲಿ ‘ಅರಿಯುಂ ಪರಿಪ್ಪುಂ’ ಎಂಬ ಮಲೆಯಾಳವನ್ನು ಕೇಳುತ್ತದೆ. ತಾಳವಾಡಿಯ ಮಗು ‘ಅರಿಸಿಯುಂ ಪರುಪ್ಪುಂ’ ಎಂಬ ತಮಿಳನ್ನು ಕೇಳುತ್ತದೆ. ಆದವಾನಿ, ರಾಯದುರ್ಗಗಳ ತೆಲುಗಿನಲ್ಲಿ ‘ರಾಮುಡೂ ಲಕ್ಷ್ಮಣುಡೂ’ ಎಂದು ಕೊನೆಯ ಸ್ವರವೇ ದೀರ್ಘವಾಗುತ್ತದೆ. ಸೊಲ್ಲಾಪುರದ ಮರಾಠಿಯ ‘ಆಣಿ’ ನಮ್ಮ ‘ಮತ್ತು’ವಿನ ಜೊತೆಗಾರ. ಎರಡು ನುಡಿಗಳ ನಡುವೆ ಬೆಳೆಯುವ ಮಗುವಿಗೆ ಕನ್ನಡ ಬರವಣಿಗೆ ಕಷ್ಟವೆಂದು ಮರುಗುವವರುಂಟು. ಈ ಒಂದು ಪಾಠದಲ್ಲಾದರೂ ನೆರೆನುಡಿಯು ತೊಡಕಲ್ಲ, ಊರುಗೋಲು. ಆ ಮಗುವಿನ ಕಿವಿಗೆ ಎಣಿಕೆ ಆಗಲೇ ಗೊತ್ತು. ಕೈಗೆ ಚಿಹ್ನೆಯನ್ನು ಕಲಿಸುವುದಷ್ಟೇ ನಮ್ಮ ಪಾಲಿನ ಕೆಲಸ.