ಚರ್ಚ್ ಶಾಲೆ ಮತ್ತು ಹಳೇಬೀಡಿನ ಪಾಠ

ನಮ್ಮಲ್ಲಿ ಚರ್ಚ್ ಶಾಲೆಗಳಿಗೆ ಎಲ್ಲ ಮತದ ಮಕ್ಕಳೂ ಹೋಗುತ್ತಾರೆ. ಹಾಗಾದರೆ ಅಲ್ಲಿ ಧರ್ಮದ ಪಾಠ ಯಾರಿಗೆ? ಪ್ರಶ್ನೆ ಹಳೆಯದು. 1854ರ ವುಡ್ಸ್ ಡಿಸ್ಪ್ಯಾಚ್ ಮಿಷನ್ ಶಾಲೆಗಳಿಗೂ ಸರ್ಕಾರಿ ಅನುದಾನದ ದಾರಿ ತೆರೆಯಿತು. ಆದರೆ ಅನುದಾನಕ್ಕೆ ನೋಡಿದ್ದು ಲೌಕಿಕ ಪಾಠವನ್ನಷ್ಟೇ. 1950ರ ಸಂವಿಧಾನದ 28ನೇ ವಿಧಿಯಂತೆ, ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ.

ಆದರೆ ಒಂದು ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ ಅಲ್ಲವೇ? ಅರಸೀಕೆರೆ, ಬೇಲೂರು ಕಡೆಯ ಮೇಷ್ಟ್ರುಗಳಿಗೆ ಇದಕ್ಕೆ ಪುಸ್ತಕವೇ ಬೇಡ. ಬೇಲೂರಲ್ಲಿ 1117ರ ಚೆನ್ನಕೇಶವ. ಹಳೇಬೀಡಲ್ಲಿ ಹೊಯ್ಸಳೇಶ್ವರ, ಅದರ ಹತ್ತಿರವೇ 1133ರ ಪಾರ್ಶ್ವನಾಥ ಬಸದಿ. ದೊರೆ ವಿಷ್ಣುವರ್ಧನ ವಿಷ್ಣುಭಕ್ತ, ರಾಣಿ ಶಾಂತಲೆ ಜೈನಳು. ಒಂದೇ ಮನೆಯಲ್ಲಿ ಎರಡು ನಂಬಿಕೆ! ಯಾರು ಕಟ್ಟಿಸಿದರು, ಯಾಕೆ ಅಂತ ಮಕ್ಕಳೇ ಕೇಳಲಿ... ನೀವೇನಂತೀರಿ?