ಮಿಚಿಗನ್‌ದ ಹಳೇ ದವಾಖಾನಿ

ಮಿಚಿಗನ್ ಅಂದಕೂಡಲೇ ನಮ್ಮ ಸಪ್ತಾಪುರದವರಿಗೆ ನೆನಪಾಗೋದು ಇಲ್ಲಿಯ ಮಿಚಿಗನ್ ಕಂಪೌಂಡ್. ನಾ ಇವತ್ತ ಹೇಳೋದು ಅಮೇರಿಕಾದ ಮಿಚಿಗನ್ ವಿಶ್ವವಿದ್ಯಾಲಯದ ದವಾಖಾನಿ ಕಥಿ. ನಮ್ಮ ಮೈದುನನ ಮಗಳು ಆ ಊರಾಗ, ಆನ್ ಆರ್ಬರಿನಾಗ, ಇರತಾಳ. ಅದಕ್ಕ ಓದಿದೆ.

1869ರಾಗ ಅದು ಸುರು ಆದದ್ದು ಪ್ರೊಫೆಸರು ಇರತಿದ್ದ ಒಂದು ಮನ್ಯಾಗ. 20 ಹಾಸಿಗಿ, ಅಷ್ಟ. ಆಪರೇಶನ್ ಖೋಲಿನೂ ಇಲ್ಲ. ರೋಗಿನ್ನ ಕಾಲೇಜಿನ ಕಟ್ಟಡಕ್ಕ ಹೊತಗೊಂಡು ಹೋಗಬೇಕು. ಅಮೇರಿಕಾದಾಗ ವಿಶ್ವವಿದ್ಯಾಲಯ ತಾನೇ ನಡೆಸಿದ ಮೊದಲನೇ ದವಾಖಾನಿ ಅದು. ಮರುವರ್ಷ ಡಾಕ್ಟರಕಿ ಕಲೀಲಿಕ್ಕೆ ಹೆಣ್ಣಮಕ್ಕಳನ್ನೂ ತಗೊಂಡರು. 1891ರಾಗ ಕ್ಯಾಥರೀನ್ ರಸ್ತೆದಾಗ ಇಂಗ್ಲಿಷ್ ಔಷಧಕ್ಕೊಂದು, ಹೋಮಿಯೋಪಥಿಗೊಂದು ದವಾಖಾನಿ ಮಾಡಿದರು. ಇದನ್ನ ಕೇಳಿ ನಮ್ಮನಿಯವರಿಗೆ ಭಾಳ ಖುಷಿ. ಅವರ ಸಕ್ಕರಿ ಗುಳಿಗಿ ಹುಚ್ಚು ನಿಮಗ ಗೊತ್ತದಲ್ಲ!

1925ರಾಗ ದೊಡ್ಡ ಕಟ್ಟಡ ತೆರೀತು. ಕಾರಿನ ಫ್ಯಾಕ್ಟರಿ ಕಟ್ಟಿ ಹೆಸರಾಗಿದ್ದ ಆಲ್ಬರ್ಟ್ ಕಾನ್ ಅದರ ನಕ್ಷೆ ಮಾಡಿದ್ರು. ಮುಂದ ಮಂದಿ ಅದನ್ನ 'ಓಲ್ಡ್ ಮೇನ್' ಅಂತಿದ್ರು. ಇಸಿಜಿ ತಗಿಯುವಾಗ ಎದಿ ಮ್ಯಾಲೆ ಸಾಲಾಗಿ ಹಚ್ಚತಾರಲ್ಲ, ಆ ಪದ್ಧತಿಗೆ ಬುನಾದಿ ಹಾಕಿದ ಫ್ರ್ಯಾಂಕ್ ವಿಲ್ಸನ್ ಅಲ್ಲಿಯವರೇ.

ನನ್ನ ಮನಸಿನಾಗ ನಿಂತದ್ದು ಮಾತ್ರ 1941ರ ಸಂಗತಿ. ಕೆಲವು ಕೂಸುಗಳಿಗೆ ಹುಟ್ಟುವಾಗಲೇ ಅನ್ನನಾಳ ನಡುವ ಕೂಡಿರೂದಿಲ್ಲ. ಹಾಲು ಹೊಟ್ಟಿಗೆ ಇಳಿಯೂದಿಲ್ಲ. ಆಗ ಅಂಥಾ ಕೂಸು ಉಳಿಯೋದೇ ಅಪರೂಪ. ಎರಡು ವಾರಾನೂ ತುಂಬದ ಒಂದು ಹೆಣ್ಣುಕೂಸಿಗೆ ಕ್ಯಾಮೆರಾನ್ ಹೈಟ್ ಅನ್ನೋ ಸರ್ಜನ್ ಎರಡೂ ತುದಿ ನೇರ ಕೂಡಿಸಿ ಹೊಲದ್ರು. ಕೂಸು ಬದುಕಿತು. ಹಂಗ ಗೆದ್ದದ್ದು ಅದೇ ಮೊದಲು.

ನಮ್ಮವ್ವನ ಎರಡನೇ ಕೂಸು ಬಾಯಾಗ ನೊರಿ ಬಿಡತಿತ್ತಂತ. ಹಾಲು ಕುಡಿಸಿದ್ರ ಕೆಮ್ಮಿ ನೀಲಿಗಟ್ಟತಿತ್ತಂತ. ನಾಕನೇ ದಿನಕ್ಕ ಹೋತು. ಬಸರಿದ್ದಾಗ ಗ್ರಹಣದಾಗ ಹೊರಗ ಬಂದಿದ್ಲು, ಅದಕ್ಕ ಹಿಂಗಾತು ಅಂದ್ರು ಮನಿ ಹಿರೇರು. ಅವ್ವ ಸಾಯೋತನಕ ಅದನ್ನ ನಂಬಿದ್ಲು. ಇದೇ ತ್ರಾಸ ಇತ್ತೇನೋ ಅಂತ ನನಗೀಗ ಅನಸತದ. ಈಗ ಆ ಆಪರೇಶನ್ ನಮ್ಮ ದೇಶದಾಗೂ ಆಗತದ. ನಿಮ್ಮನ್ಯಾಗ ಹುಟ್ಟಿದ ಕೂಸು ಹಂಗ ಮಾಡಿದ್ರ ಹಾಲು, ಜೇನು ಏನೂ ಹಾಕಬ್ಯಾಡ್ರಿ, ಲಗೂನ ದವಾಖಾನಿಗೆ ಒಯ್ಯಿರಿ. ಬಾಣಂತಿಗೆ ಬೈಯಬ್ಯಾಡ್ರಿ.

1986ರ ಫೆಬ್ರುವರಿಯಾಗ ರೋಗಿಗಳನ್ನೆಲ್ಲಾ ಹೊಸ ಕಟ್ಟಡಕ್ಕ ಸಾಗಿಸಿದ್ರು. ಹಳೇದು ಸ್ವಲ್ಪ ವರ್ಷ ಹಂಗ ನಿಂತಿತ್ತು, 1989ರಾಗ ಕೆಡವಲಿಕ್ಕೆ ಹತ್ತಿದ್ರು. ತಪ್ಪಂತ ನಾ ಅನ್ನೂದಿಲ್ಲ. 1925ರ ಖೋಲಿಗಳಾಗ ಈಗಿನ ಯಂತ್ರ ಹಿಡಸೋದು ಎಲ್ಲೆ?